ಚೀಟಿ, ಬ್ರೆಡ್ಡು, ಬಂಡಾಯ: ‘ಹಂಗರ್ ಗೇಮ್ಸ್’ ಬಗ್ಗೆ ಓದುಗರ ಪ್ರಶ್ನೆಗಳು

ಹರೆಯದವರ ಓದಿಗೆ ಮೀಸಲಾದ ಈ ಅಂಕಣಕ್ಕೆ ಈ ಸಲ ಬಂದ ಪತ್ರಗಳಲ್ಲಿ ಹೆಚ್ಚಿನವು ಒಂದೇ ಕಾದಂಬರಿಯ ಸುತ್ತ ಇವೆ. ಅದು ಅಮೆರಿಕದ ಸುಜಾನ್ ಕಾಲಿನ್ಸ್ ಬರೆದು 2008ರಲ್ಲಿ ಪ್ರಕಟವಾದ ‘ದ ಹಂಗರ್ ಗೇಮ್ಸ್’. ಓದದವರಿಗಾಗಿ ಕಥೆಯ ಚೌಕಟ್ಟು ಇಷ್ಟು. ಉತ್ತರ ಅಮೆರಿಕ ಹಾಳಾದ ಮೇಲೆ ಎದ್ದ ದೇಶದ ಹೆಸರು ಪನೆಮ್. ಅಲ್ಲಿ ಉಂಡುಟ್ಟು ಮೆರೆಯುವ ರಾಜಧಾನಿ ಕ್ಯಾಪಿಟಲ್, ಅದನ್ನು ದುಡಿದು ಸಾಕುವ 12 ಡಿಸ್ಟ್ರಿಕ್ಟುಗಳು. ಹಿಂದೊಮ್ಮೆ ದಂಗೆಯೆದ್ದ ತಪ್ಪಿಗೆ ಪ್ರತಿ ಡಿಸ್ಟ್ರಿಕ್ಟೂ ವರ್ಷಕ್ಕೊಮ್ಮೆ ಚೀಟಿ ಎತ್ತಿ, 12ರಿಂದ 18ರ ವಯಸ್ಸಿನ ಒಬ್ಬ ಹುಡುಗ, ಒಬ್ಬ ಹುಡುಗಿಯನ್ನು ಒಪ್ಪಿಸಬೇಕು. ಆ 24 ಮಕ್ಕಳು ಒಬ್ಬರೇ ಉಳಿಯುವ ತನಕ ಪರಸ್ಪರ ಕೊಲ್ಲಬೇಕು. ಅಷ್ಟೂ ಟೀವಿಯಲ್ಲಿ ನೇರಪ್ರಸಾರ. ಕಲ್ಲಿದ್ದಲು ಗಣಿಗಳ 12ನೇ ಡಿಸ್ಟ್ರಿಕ್ಟಿನ ಕ್ಯಾಟ್‌ನಿಸ್‌ಗೆ 16 ವರ್ಷ. ತಂಗಿ ಪ್ರಿಮ್‌ಳ ಹೆಸರು ಬಂದಾಗ ಅವಳ ಬದಲು ತಾನು ಹೋಗುತ್ತಾಳೆ. ಜತೆಗೆ ಹೋಗುವವನು ಬೇಕರಿಯವರ ಮಗ ಪೀಟಾ. ಊರಲ್ಲಿ ಉಳಿಯುವವನು ಬೇಟೆಯ ಜೊತೆಗಾರ ಗೇಲ್. ಮುಂದಿನ ಎರಡು ಭಾಗಗಳು 2009 ಮತ್ತು 2010ರಲ್ಲಿ ಬಂದವು. ಕೆಳಗಿನ ಉತ್ತರಗಳಲ್ಲಿ ಮೂರೂ ಭಾಗಗಳ ಕೊನೆ ಬಯಲಾಗುತ್ತದೆ. ಓದುತ್ತಿರುವವರು ಮುಗಿಸಿಕೊಂಡು ಬನ್ನಿ.

ಪ್ರಶ್ನೆ: ಮಗಳಿಗೆ 13 ವರ್ಷ, ಎಂಟನೇ ತರಗತಿ. ಗೆಳತಿಯಿಂದ ಈ ಪುಸ್ತಕ ತಂದಿದ್ದಾಳೆ. ಮಕ್ಕಳು ಮಕ್ಕಳನ್ನೇ ಕೊಲ್ಲುವ ಕಥೆಯಂತೆ. ಓದಲು ಬಿಡಬಹುದೇ?
– ಒಬ್ಬ ತಾಯಿ, ಹಾಸನ

ಮೊದಲನೇ ಭಾಗವನ್ನು ಬಿಡಬಹುದು. ಮೂರನೆಯದನ್ನು ಒಂದೆರಡು ವರ್ಷ ತಡೆಯಿರಿ. ಮೂರನ್ನೂ ಒಟ್ಟಿಗೆ ಕೈಗಿಡುವುದು ಬೇಡ.

ಒಳಗೇನಿದೆ ಎಂದು ತಿಳಿದರೆ ನಿಮಗೇ ತೀರ್ಮಾನ ಸುಲಭ. ಮೊದಲ ಭಾಗದಲ್ಲಿ ಆಟ ಶುರುವಾದ ದಿನವೇ 11 ಮಕ್ಕಳು ಸಾಯುತ್ತಾರೆ, ಆದರೆ ಲೇಖಕಿ ಆ ಸಾವುಗಳನ್ನು ಒಂದೊಂದಾಗಿ ಬಣ್ಣಿಸುವುದಿಲ್ಲ. ಮನಸ್ಸು ಕಲಕುವುದು ಎರಡು ಕಡೆ. 12 ವರ್ಷದ ರೂ ಎಂಬ ಪುಟ್ಟಿ ಈಟಿಗೆ ಸಿಕ್ಕಿ ಸಾಯುವುದು ಒಂದು. ಕೊನೆಯಲ್ಲಿ ಒಬ್ಬ ಹುಡುಗನನ್ನು ಮೃಗಗಳು ರಾತ್ರಿಯಿಡೀ ಹಿಂಸಿಸುವುದು ಇನ್ನೊಂದು. ಮೊದಲನೆಯದನ್ನು ಓದಿ ಮಕ್ಕಳು ಅಳುತ್ತಾರೆ, ಅತ್ತರೆ ಒಳ್ಳೆಯದೇ. ಎರಡನೆಯದು ಕಠಿಣ. ಅದು ಬರುವ ಹೊತ್ತಿಗೆ ಮಗಳು ಎಲ್ಲಿಯವರೆಗೆ ಓದಿದ್ದಾಳೆ ಎಂದು ನಿಮಗೆ ಗೊತ್ತಿರಲಿ. ಪ್ರೀತಿಯ ಪ್ರಸಂಗಗಳು ಮುತ್ತನ್ನು ದಾಟುವುದಿಲ್ಲ. ಎರಡನೇ ಭಾಗದಲ್ಲಿ ಗೇಲ್‌ಗೆ ಊರ ನಡುವೆ ಚಾಟಿಯೇಟು ಬೀಳುತ್ತದೆ. ಮೂರನೆಯದು ಪೂರ್ತಿ ಯುದ್ಧ. ಸೆರೆಯಲ್ಲಿ ಪೀಟಾನ ನೆನಪುಗಳನ್ನೇ ತಿರುಚುತ್ತಾರೆ, ಮಕ್ಕಳ ಗುಂಪಿನ ಮೇಲೆ ಬಾಂಬು ಬೀಳುತ್ತದೆ. ಯಾವ ತಂಗಿಯನ್ನು ಉಳಿಸಲು ಇಡೀ ಕಥೆ ಶುರುವಾಯಿತೋ ಆ ಪ್ರಿಮ್ ಅಲ್ಲಿ ಸಾಯುತ್ತಾಳೆ. 15ರ ಹೊತ್ತಿಗೆ ಅದನ್ನು ತಾಳಿಕೊಳ್ಳುವ ಮನಸ್ಸು ಹೆಚ್ಚಿನ ಮಕ್ಕಳಿಗೆ ಬಂದಿರುತ್ತದೆ.

ಒಂದು ಎಚ್ಚರಿಕೆ. ಮನೆಯಲ್ಲಿ ಇತ್ತೀಚೆಗೆ ಸಾವಾಗಿದ್ದರೆ, ಅದರಲ್ಲೂ ತಂದೆಯನ್ನೋ ಒಡಹುಟ್ಟಿದವರನ್ನೋ ಕಳೆದುಕೊಂಡಿದ್ದರೆ, ಈ ಪುಸ್ತಕವನ್ನು ಮುಂದಕ್ಕೆ ಹಾಕಿ. ಗಣಿ ಸ್ಫೋಟದಲ್ಲಿ ಗಂಡನನ್ನು ಕಳೆದುಕೊಂಡ ತಾಯಿ ಮಾತು ಬಿಟ್ಟು ಕೂತಿರುತ್ತಾಳೆ, 11 ವರ್ಷದ ಮಗಳು ಮನೆಯ ಹೊಟ್ಟೆ ನೋಡಿಕೊಳ್ಳುತ್ತಾಳೆ. ಅಂಥ ಮಕ್ಕಳಿಗೆ ಕೊಲೆಗಿಂತ ಈ ಭಾಗವೇ ಹೆಚ್ಚು ತಾಗುತ್ತದೆ.

ಮೊದಲ ಎರಡು ಅಧ್ಯಾಯಗಳನ್ನು ಇಬ್ಬರೂ ಒಟ್ಟಿಗೆ ಓದಿ. ‘ಕೊಲ್ಲುವುದು ತಪ್ಪಲ್ಲವೇ’ ಎಂದು ಕೇಳಿದರೆ ಮಗು ‘ಹೌದಮ್ಮ’ ಎಂದು ಸುಮ್ಮನಾಗುತ್ತದೆ. ‘ಕ್ಯಾಪಿಟಲ್ಲಿನ ಜನ ಇದನ್ನು ಯಾಕೆ ನೋಡುತ್ತಾರೆ, ನೋಡದಿದ್ದರೆ ಏನಾಗುತ್ತಿತ್ತು?’ ಎಂದು ಕೇಳಿ ನೋಡಿ, ಮಾತು ಬೆಳೆಯುತ್ತದೆ. ಟೀವಿಯ ರಿಯಾಲಿಟಿ ಶೋ ಮತ್ತು ಇರಾಕ್ ಯುದ್ಧದ ದೃಶ್ಯಗಳ ನಡುವೆ ಚಾನೆಲ್ ಬದಲಿಸುತ್ತಿದ್ದಾಗ ಎರಡೂ ಒಂದರೊಳಗೊಂದು ಬೆರೆತಂತಾಗಿ ಈ ಕಥೆ ಹೊಳೆಯಿತು ಎಂದು ಕಾಲಿನ್ಸ್ ಹೇಳಿದ್ದಾರೆ. ನೋಡುವವರ ಹೊಣೆ ಏನು ಎಂಬುದು ಪುಸ್ತಕದ ಹೊಕ್ಕುಳಲ್ಲೇ ಇದೆ.

ಪ್ರಶ್ನೆ: ಕ್ಯಾಟ್‌ನಿಸ್ ಹೆಸರಿನ ಚೀಟಿ 20 ಸಲ, ಗೇಲ್‌ನದು 42 ಸಲ ಎಂದಿದೆ. ಈ ಲೆಕ್ಕ ಎಲ್ಲಿಂದ ಬಂತು? ಪ್ರಿಮ್‌ಳದು ಒಂದೇ ಯಾಕೆ?
– ಪಿಯುಸಿ ವಿದ್ಯಾರ್ಥಿ, ರಾಯಚೂರು

ಈ ಲೆಕ್ಕ ಬಿಡಿಸಿಕೊಂಡರೆ ಕಾದಂಬರಿ ಅರ್ಧ ಅರ್ಥವಾದಂತೆ. ಒಂದು ಹಾಳೆ ತೆಗೆದುಕೊಳ್ಳಿ.

12 ತುಂಬಿದ ವರ್ಷ ನಿಮ್ಮ ಹೆಸರಿನ ಒಂದು ಚೀಟಿ ಬೀಳುತ್ತದೆ. 13ಕ್ಕೆ ಎರಡು, 14ಕ್ಕೆ ಮೂರು, ಹೀಗೆ 18ಕ್ಕೆ ಏಳು. ಹಳೆಯ ಚೀಟಿ ರದ್ದಾಗುವುದಿಲ್ಲ, ಹೊಸದು ಸೇರುತ್ತಾ ಹೋಗುತ್ತದೆ. ಇದು ಎಲ್ಲರಿಗೂ ಸಮ. ಇಲ್ಲಿಗೆ ನಿಂತಿದ್ದರೆ ಕ್ರೂರವಾದರೂ ಬಡವ-ಬಲ್ಲಿದ ಎಂಬ ಭೇದವಿಲ್ಲದ ಕಾನೂನಾಗುತ್ತಿತ್ತು.

ಭೇದ ನುಸುಳುವುದು ‘ಟೆಸೆರಾ’ದಲ್ಲಿ. ಹೊಟ್ಟೆಗಿಲ್ಲದ ಮಗು ತನ್ನ ಹೆಸರಿನ ಇನ್ನೊಂದು ಚೀಟಿ ಹಾಕಿಸಿದರೆ, ಒಬ್ಬರಿಗೆ ಒಂದು ವರ್ಷಕ್ಕೆಂದು ಒಂದಿಷ್ಟು ಕಾಳು, ಎಣ್ಣೆ ಕೊಡುತ್ತಾರೆ. ಮನೆಯಲ್ಲಿ ಎಷ್ಟು ಜನರೋ ಅಷ್ಟು ಟೆಸೆರಾ ತೆಗೆದುಕೊಳ್ಳಬಹುದು. ಕ್ಯಾಟ್‌ನಿಸ್ ಮನೆಯಲ್ಲಿ ಮೂವರು: ಅವಳು, ತಾಯಿ, ಪ್ರಿಮ್. ಹಾಗಾಗಿ 12ನೇ ವಯಸ್ಸಿಗೆ ಕಡ್ಡಾಯದ ಒಂದು, ಟೆಸೆರಾದ ಮೂರು, ಒಟ್ಟು ನಾಲ್ಕು. ವರ್ಷಕ್ಕೆ ನಾಲ್ಕರಂತೆ ಕೂಡುತ್ತಾ ಬಂದರೆ 4, 8, 12, 16, ಮತ್ತು 16ನೇ ವಯಸ್ಸಿಗೆ 20. ಗೇಲ್‌ಗೆ 18 ವರ್ಷ. ಅವನು, ತಾಯಿ, ಮೂವರು ಚಿಕ್ಕವರು ಸೇರಿ ಐವರು. ವರ್ಷಕ್ಕೆ 1 ಮತ್ತು 5, ಅಂದರೆ ಆರು. ಏಳು ವರ್ಷಕ್ಕೆ 42.

ಈಗ ಊರಿನ ಮೇಯರ್ ಮಗಳನ್ನು ಪಕ್ಕದಲ್ಲಿಡಿ. ಅವಳೂ ಕ್ಯಾಟ್‌ನಿಸ್ ವಯಸ್ಸಿನವಳು. ಮನೆಯಲ್ಲಿ ಊಟಕ್ಕೆ ಕೊರತೆಯಿಲ್ಲ, ಟೆಸೆರಾ ಬೇಕಾಗಿಲ್ಲ. ಅವಳ ಚೀಟಿ ಐದು. ಗೇಲ್ ಅವಳ ಮುಂದೆ ಕಹಿಯಾಗಿ ಮಾತಾಡುವುದು ಈ ಅಂತರಕ್ಕೇ: ಅವಳಿಗೆ ಈಗಿರುವುದಕ್ಕಿಂತ ಹೆಚ್ಚು ಚೀಟಿ ಅವನಿಗೆ 12ನೇ ವಯಸ್ಸಿನಲ್ಲೇ ಇದ್ದವು. ಸಿಟ್ಟು ನ್ಯಾಯವಾದದ್ದೇ, ಆದರೆ ಅದು ಹೋಗಿ ಬೀಳುವುದು ಒಂದು ಹುಡುಗಿಯ ಮೇಲೆ, ಕಾನೂನು ಮಾಡಿದವರ ಮೇಲಲ್ಲ. ಹಸಿದವರೂ ಹಸಿಯದವರೂ ಒಬ್ಬರನ್ನೊಬ್ಬರು ದ್ವೇಷಿಸಿದರೆ ಕ್ಯಾಪಿಟಲ್ಲಿಗೆ ನೆಮ್ಮದಿ. ಗೇಲ್‌ಗೂ ಇದು ಗೊತ್ತು; ಕಾಡಿನೊಳಗೆ ಅವನೇ ಇದನ್ನು ಬಾಯಿಬಿಟ್ಟು ಹೇಳಿಕೊಂಡಿದ್ದಾನೆ. ಗೊತ್ತಿದ್ದೂ ಸಿಟ್ಟು ತಡೆಯಲಾಗುವುದಿಲ್ಲ.

ಪ್ರಿಮ್‌ಗೆ ಆಗತಾನೆ 12. ಟೆಸೆರಾ ತೆಗೆದುಕೊಳ್ಳಲು ಅಕ್ಕ ಬಿಟ್ಟಿಲ್ಲ. ಆದ್ದರಿಂದ ಒಂದೇ ಚೀಟಿ, ಸಾವಿರಾರರಲ್ಲಿ ಒಂದು. ಬರುವುದು ಅದೇ. ಅಕ್ಕ ತನ್ನ 20ರಿಂದ ತಂಗಿಯನ್ನು ಒಂದಕ್ಕೆ ಇಳಿಸಿಟ್ಟಿದ್ದಳು, ಪೂರ್ತಿ ಸೊನ್ನೆ ಮಾಡುವುದು ಅವಳ ಕೈಯಲ್ಲಿರಲಿಲ್ಲ. ‘ನಾನು ಹೋಗುತ್ತೇನೆ’ ಎಂದು ಮುಂದೆ ನುಗ್ಗುವುದರ ಹಿಂದೆ ಈ ಐದು ವರ್ಷದ ಲೆಕ್ಕ ಇದೆ.

ಪ್ರಶ್ನೆ: ಕ್ಯಾಟ್‌ನಿಸ್–ಪೀಟಾ ಪ್ರೀತಿ ನಿಜವೋ ನಾಟಕವೋ? ದಂಗೆಯ ಕಥೆಗೆ ಈ ತ್ರಿಕೋನ ಪ್ರೇಮ ಬೇಕಿತ್ತೇ? ಹುಡುಗಿಯರನ್ನು ಸೆಳೆಯಲು ಸೇರಿಸಿದಂತೆ ಕಾಣುತ್ತದೆ.
– ಎಂ.ಎ. ವಿದ್ಯಾರ್ಥಿನಿ, ಧಾರವಾಡ

‘ಪೀಟಾ ಕಡೆಯವರು, ಗೇಲ್ ಕಡೆಯವರು’ ಎಂದು ಪ್ರಚಾರ ಮಾಡಿದ್ದು ಪುಸ್ತಕಕ್ಕೆ ಮಾಡಿದ ಅನ್ಯಾಯ. ಪ್ರೀತಿಯನ್ನು ತೆಗೆದುಬಿಟ್ಟರೆ ಈ ಕಾದಂಬರಿಯಲ್ಲಿ ದಂಗೆಯೇ ಉಳಿಯುವುದಿಲ್ಲ. ಮೂರು ಜಾಗಗಳನ್ನು ಹತ್ತಿರದಿಂದ ನೋಡೋಣ.

ಮೊದಲನೆಯದು ಬ್ರೆಡ್ಡು. ತಂದೆ ಸತ್ತ ಮೇಲೆ, ಮಳೆಯಲ್ಲಿ 11 ವರ್ಷದ ಕ್ಯಾಟ್‌ನಿಸ್ ಬೇಕರಿಯ ಹಿಂದಿನ ಕಸದ ಡಬ್ಬಿ ತಡಕುತ್ತಿದ್ದಾಳೆ. ಬೇಕರಿಯ ಒಡತಿ ಬೈದು ಅಟ್ಟುತ್ತಾಳೆ. ಸ್ವಲ್ಪ ಹೊತ್ತಿಗೆ ಒಳಗೆ ಏನೋ ಬಿದ್ದ ಸದ್ದು, ಏಟಿನ ಸದ್ದು. ಹುಡುಗ ಸುಟ್ಟು ಕರಕಾದ ಎರಡು ಬ್ರೆಡ್ಡು ಹಿಡಿದು ಹೊರಗೆ ಬರುತ್ತಾನೆ, ಕೆನ್ನೆಯ ಮೇಲೆ ಬಾಸುಂಡೆ. ಹಂದಿಗೆ ಹಾಕು ಎಂದು ತಾಯಿ ಕಿರುಚುತ್ತಾಳೆ. ಅವನು ಕರಕಲು ಚೂರುಗಳನ್ನು ಹಂದಿಗೆ ಎಸೆಯುತ್ತಾ, ತಾಯಿ ಅತ್ತ ತಿರುಗಿದ ಕೂಡಲೇ ಎರಡನ್ನೂ ಇವಳತ್ತ ಎಸೆದು ಒಳಗೆ ಹೋಗುತ್ತಾನೆ. ಬೇಕೆಂದೇ ಸುಟ್ಟನೇ ಎಂಬ ಯೋಚನೆ ಅವಳಿಗೆ ಬರುವುದು ಆಮೇಲೆ. ಮಾತಿಲ್ಲ, ನಗುವಿಲ್ಲ. ಒಳಗೆ ಒಣದ್ರಾಕ್ಷಿ ಹಾಕಿದ ಬಿಸಿ ಬ್ರೆಡ್ಡು. ಸರ್ಕಾರ ಯಾವುದನ್ನು ತೂಗಿ, ಚೀಟಿಗೆ ಬದಲಾಗಿ ಕೊಡುತ್ತದೋ ಆ ಅನ್ನವನ್ನು ಒಬ್ಬ ಹುಡುಗ ಏಟು ತಿಂದು ಪುಕ್ಕಟೆ ಕೊಟ್ಟ. ಬಂಡಾಯ ಅಲ್ಲಿಂದ ಶುರು. ದೇಶದ ಹೆಸರೂ ಬ್ರೆಡ್ಡೇ ಎಂಬುದನ್ನು ಗಮನಿಸಿ: ಜನಕ್ಕೆ ಬ್ರೆಡ್ಡು ಮತ್ತು ಆಟ ಕೊಟ್ಟರೆ ಸಾಕು ಎಂಬ ರೋಮನ್ ಕವಿ ಜುವೆನಲ್‌ನ ಮಾತಿನಿಂದ ‘ಪನೆಮ್’ ಬಂದಿದೆ.

ಎರಡನೆಯದು ಗುಹೆ. ಆಟದ ನಡುವೆ ‘ಒಂದೇ ಡಿಸ್ಟ್ರಿಕ್ಟಿನ ಇಬ್ಬರು ಉಳಿದರೆ ಇಬ್ಬರೂ ಗೆದ್ದಂತೆ’ ಎಂದು ನಿಯಮ ಬದಲಾಗುತ್ತದೆ. ಗಾಯಗೊಂಡ ಪೀಟಾನನ್ನು ಕ್ಯಾಟ್‌ನಿಸ್ ಗುಹೆಯಲ್ಲಿಟ್ಟು ಆರೈಕೆ ಮಾಡುತ್ತಾಳೆ. ಒಂದು ಮುತ್ತು ಕೊಟ್ಟ ಮೇಲೆ ಪ್ಯಾರಾಚೂಟಿನಲ್ಲಿ ಬಿಸಿ ಸಾರು ಇಳಿಯುತ್ತದೆ. ಹೊರಗಿನಿಂದ ಪ್ರಾಯೋಜಕರ ದುಡ್ಡಿನಲ್ಲಿ ಅದನ್ನು ಕಳಿಸಿದ ಗುರು ಹೇಮಿಚ್‌ನ ಸಂದೇಶ ಅವಳಿಗೆ ಅರ್ಥವಾಗುತ್ತದೆ: ಒಂದು ಮುತ್ತಿಗೆ ಒಂದು ಪಾತ್ರೆ ಸಾರು. ಪ್ರೀತಿಯೂ ಟೆಸೆರಾ ಆಯಿತು. ನಿಜವೋ ನಾಟಕವೋ ಎಂಬ ನಿಮ್ಮ ಪ್ರಶ್ನೆ ಇಲ್ಲಿ ಹುಟ್ಟುತ್ತದೆ. ಅವಳಿಗೂ ಉತ್ತರ ಗೊತ್ತಿಲ್ಲ, ಏಕೆಂದರೆ ಕ್ಯಾಮೆರಾ ಇಲ್ಲದ ಒಂದು ಗಳಿಗೆಯೂ ಅವರಿಗೆ ಸಿಕ್ಕಿಲ್ಲ. ತನ್ನ ಮನಸ್ಸು ಏನೆಂದು ತಿಳಿಯುವ ಏಕಾಂತವನ್ನೂ ಈ ಆಳ್ವಿಕೆ ಕಸಿದುಕೊಂಡಿದೆ.

ಮೂರನೆಯದು ವಿಷದ ಹಣ್ಣು. ಇಬ್ಬರೇ ಉಳಿದಾಗ ನಿಯಮವನ್ನು ಹಿಂದಕ್ಕೆ ತೆಗೆದುಕೊಳ್ಳುತ್ತಾರೆ. ಒಬ್ಬರು ಇನ್ನೊಬ್ಬರನ್ನು ಕೊಲ್ಲಬೇಕು. ಅವಳು ನೈಟ್‌ಲಾಕ್ ಎಂಬ ವಿಷದ ಹಣ್ಣನ್ನು ಇಬ್ಬರ ಅಂಗೈಗೂ ಹಾಕಿ ಬಾಯಿಗೆ ಎತ್ತುತ್ತಾಳೆ. 24ರಲ್ಲಿ ಒಬ್ಬರು ಉಳಿಯಬೇಕು ಎಂಬುದರ ಮೇಲೆ ನಿಂತ ಆಟ ಅದು. ಒಬ್ಬರೂ ಉಳಿಯದಿದ್ದರೆ ಕ್ಯಾಪಿಟಲ್ಲಿಗೆ ವಿಜಯಿಯಿಲ್ಲ, ಉತ್ಸವವಿಲ್ಲ. ತಡೆಯಿರಿ ಎಂದು ಕೂಗಲೇಬೇಕಾಯಿತು. ಆ ಗಳಿಗೆಯಲ್ಲಿ ಅವಳು ಯಾರ ಮೇಲೂ ಬಾಣ ಬಿಡಲಿಲ್ಲ, ಲೆಕ್ಕ ಮುರಿದಳು. ಎರಡನೇ ಭಾಗದ ಆರಂಭದಲ್ಲೇ ಅಧ್ಯಕ್ಷ ಸ್ನೋ ಅವಳ ಮನೆಗೆ ಬಂದು, ಅದು ಪ್ರೀತಿಯ ಹುಚ್ಚು ಎಂದು ಜನರನ್ನು ನಂಬಿಸಬೇಕು ಎಂದು ಬೆದರಿಸುವುದು ಇದಕ್ಕೇ. ಪ್ರೀತಿ ಎಂದಾದರೆ ಕ್ಷಮೆ, ಧಿಕ್ಕಾರ ಎಂದಾದರೆ ದಂಗೆ. ಎರಡೂ ಒಂದೇ ಆಗಿರಬಹುದು ಎಂಬುದು ಅವನಿಗೆ ಹೊಳೆಯುವುದಿಲ್ಲ.

ಇನ್ನು ಗೇಲ್. ಅವನ ಸಿಟ್ಟಿನಲ್ಲಿ ತಪ್ಪಿಲ್ಲ ಎಂದು ಆಗಲೇ ಹೇಳಿದೆವು. ಆದರೆ ಮೂರನೇ ಭಾಗದಲ್ಲಿ ಅವನು ಎರಡು ಹಂತದಲ್ಲಿ ಸಿಡಿಯುವ ಬಾಂಬಿನ ಉಪಾಯ ಹೇಳಿಕೊಡುತ್ತಾನೆ: ಮೊದಲ ಸ್ಫೋಟಕ್ಕೆ ಗಾಯಾಳುಗಳು, ಅವರನ್ನು ಎತ್ತಲು ಓಡಿಬಂದವರಿಗೆ ಎರಡನೆಯದು. ಪ್ರಿಮ್ ಸಾಯುವುದು ಅಂಥದೇ ಎರಡನೇ ಸ್ಫೋಟದಲ್ಲಿ, ಗಾಯಾಳು ಮಕ್ಕಳ ಶುಶ್ರೂಷೆಗೆ ಓಡಿಬಂದಾಗ. ಅದು ತನ್ನ ಬಾಂಬೇ ಎಂದು ಅವನಿಗೂ ಖಚಿತವಿಲ್ಲ, ಅಲ್ಲ ಎನ್ನಲೂ ಆಗುವುದಿಲ್ಲ. ಕ್ಯಾಟ್‌ನಿಸ್ ಆರಿಸಬೇಕಾದದ್ದು ಇಬ್ಬರು ಹುಡುಗರ ನಡುವೆ ಎಂದು ಓದಿದರೆ ಕಥೆ ಚಿಕ್ಕದಾಗುತ್ತದೆ. ತನ್ನ ಒಳಗಿನ ಬೆಂಕಿಯನ್ನು ಏನು ಮಾಡಬೇಕು ಎಂಬುದು ಅವಳ ಪ್ರಶ್ನೆ. ದಂಗೆಯ ನಾಯಕಿ ಕಾಯ್ನ್ ಗೆದ್ದ ಮೇಲೆ ಕ್ಯಾಪಿಟಲ್ಲಿನ ಮಕ್ಕಳಿಗೂ ಇದೇ ಆಟ ಆಡಿಸಲು ಹೊರಡುತ್ತಾಳೆ. ಸ್ನೋಗೆಂದು ಹೂಡಿದ ಬಾಣವನ್ನು ಕ್ಯಾಟ್‌ನಿಸ್ ಕಾಯ್ನ್‌ಗೆ ಬಿಡುತ್ತಾಳೆ.

ಪ್ರಶ್ನೆ: ಮೂರು ಬೆರಳು ಎತ್ತಿ ಪ್ರತಿಭಟಿಸುವ ಚಿತ್ರಗಳನ್ನು ಪತ್ರಿಕೆಗಳಲ್ಲಿ ನೋಡಿದ್ದೇನೆ. ಅದು ಈ ಪುಸ್ತಕದ್ದೇ?
– ಓದುಗ, ತುಮಕೂರು

ಹೌದು. ಕಾದಂಬರಿಯಲ್ಲಿ ಎಡಗೈಯ ನಡುವಿನ ಮೂರು ಬೆರಳನ್ನು ತುಟಿಗೆ ತಾಗಿಸಿ ಮುಂದಕ್ಕೆ ಚಾಚುತ್ತಾರೆ. 12ನೇ ಡಿಸ್ಟ್ರಿಕ್ಟಿನ ಹಳೆಯ ಪದ್ಧತಿ ಅದು, ಹೆಚ್ಚಾಗಿ ಶವಸಂಸ್ಕಾರದಲ್ಲಿ ಕಾಣುವಂಥದ್ದು: ಕೃತಜ್ಞತೆ, ಮೆಚ್ಚುಗೆ, ಪ್ರೀತಿಪಾತ್ರರಿಗೆ ವಿದಾಯ. ಥಾಯ್ಲೆಂಡಿನಲ್ಲಿ 2014ರ ಮೇ 22ರಂದು ಸೇನೆ ಅಧಿಕಾರ ಕಿತ್ತುಕೊಂಡ ಮೇಲೆ ಪ್ರತಿಭಟನೆಕಾರರು ಸಿನಿಮಾದಲ್ಲಿ ಕಂಡ ಈ ಸನ್ನೆಯನ್ನು ಎತ್ತಿಕೊಂಡರು. ಬೆರಳು ಎತ್ತಿದವರನ್ನು ಹಿಡಿದೊಯ್ದದ್ದೂ ಉಂಟು. 2020ರ ವಿದ್ಯಾರ್ಥಿ ಚಳವಳಿಯಲ್ಲಿ ಮತ್ತೆ ಕಂಡಿತು. 2021ರ ಫೆಬ್ರುವರಿಯಲ್ಲಿ ಮ್ಯಾನ್ಮಾರ್‌ನಲ್ಲಿ ಸೇನಾ ದಂಗೆಯಾದಾಗ ಅಲ್ಲಿಗೂ ಹರಡಿತು. ಅದೇ ತಿಂಗಳು ವಿಶ್ವಸಂಸ್ಥೆಯ ಮಹಾಸಭೆಯಲ್ಲಿ ಮ್ಯಾನ್ಮಾರ್ ರಾಯಭಾರಿ ಕ್ಯಾವ್ ಮೋ ಟುನ್ ಸೇನೆಯನ್ನು ವಿರೋಧಿಸಿ ಮಾತಾಡಿ ಕೊನೆಗೆ ಮೂರು ಬೆರಳು ಎತ್ತಿದರು.

ಪ್ರಶ್ನೆ: ಅನುವಾದದ ಅಭ್ಯಾಸಕ್ಕೆಂದು ಮೊದಲ ಮೂರು ಅಧ್ಯಾಯಗಳನ್ನು ಕನ್ನಡಕ್ಕೆ ತರುತ್ತಿದ್ದೇನೆ. ‘ಟ್ರಿಬ್ಯೂಟ್’, ‘ರೀಪಿಂಗ್’, ‘ಮಾಕಿಂಗ್‌ಜೇ’ ಹೇಗೆ ಹೇಳಲಿ? ವಾಕ್ಯಗಳೂ ಪೆಡಸಾಗಿ ಬರುತ್ತಿವೆ.
– ಅನುವಾದ ಆಸಕ್ತೆ, ಮೈಸೂರು

ಪ್ರಕಟಣೆಗಾದರೆ ಹಕ್ಕುದಾರರ ಅನುಮತಿ ಬೇಕು, ಮನೆಯ ಅಭ್ಯಾಸಕ್ಕೆ ಅಡ್ಡಿಯಿಲ್ಲ. ನಿಮ್ಮ ಪ್ರಶ್ನೆ ನಮಗೆ ತುಂಬ ಹಿಡಿಸಿತು, ಏಕೆಂದರೆ ಕೆಲವು ಕಡೆ ಕನ್ನಡ ಮೂಲಕ್ಕಿಂತ ಚೆನ್ನಾಗಿ ಕೂರುತ್ತದೆ.

ಆಟಕ್ಕೆ ಒಪ್ಪಿಸಿದ ಮಗುವನ್ನು ಕರೆಯುವ ‘ಟ್ರಿಬ್ಯೂಟ್’ಗೆ ‘ಸ್ಪರ್ಧಿ’ ಎಂದರೆ ಸಪ್ಪೆ, ‘ಬಲಿ’ ಎಂದರೆ ಗುಟ್ಟು ರಟ್ಟು. ತಾನು ಬಲಿ ತೆಗೆದುಕೊಳ್ಳುತ್ತಿದ್ದೇನೆ ಎಂದು ಯಾವ ಸರ್ಕಾರವೂ ಹೇಳುವುದಿಲ್ಲ. ನಮ್ಮ ಶಾಸನಗಳಲ್ಲೂ ಕಾವ್ಯಗಳಲ್ಲೂ ಸೋತ ರಾಜ ಗೆದ್ದವನಿಗೆ ಒಪ್ಪಿಸುವುದು ‘ಕಪ್ಪ’. ಮಗುವನ್ನು ‘ಈ ವರ್ಷದ ಕಪ್ಪ’ ಎಂದು ಕರೆದರೆ ಮನುಷ್ಯರನ್ನು ಸಾಮಾನು ಮಾಡಿದ ಭಾವ ತಾನಾಗಿ ಬರುತ್ತದೆ. ಚೀಟಿ ಎತ್ತುವ ದಿನದ ಹೆಸರಾದ ‘ರೀಪಿಂಗ್’ಗೆ ಎರಡು ಪದ ಇಟ್ಟುಕೊಳ್ಳಿ. ಕ್ಯಾಪಿಟಲ್ಲಿನಿಂದ ಬಂದು ವೇದಿಕೆಯ ಮೇಲೆ ಚೀಟಿ ಎತ್ತುವ ಎಫಿಯ ಬಾಯಲ್ಲಿ ‘ಸುಗ್ಗಿ’ ಬರಲಿ. ಅವಳಿಗೆ ಅದು ಹಬ್ಬ. ಕ್ಯಾಟ್‌ನಿಸ್ ಬಾಯಲ್ಲಿ ‘ಕೊಯ್ಲು’ ಮಾತ್ರ. ಕೊಯ್ಯುವುದು ಪೈರನ್ನೂ ಹೌದು, ಕತ್ತನ್ನೂ ಹೌದು.

ಟೆಸೆರಾ ಎಂದರೆ ರೋಮಿನಲ್ಲಿ ಧಾನ್ಯ ಪಡೆಯಲು ಕೊಡುತ್ತಿದ್ದ ಬಿಲ್ಲೆ. ಅದಕ್ಕೆ ‘ಪಡಿತರ ಚೀಟಿ’ ಇದ್ದೇ ಇದೆ. ಲಾಟರಿಗೆ ಹಾಕುವುದೂ ‘ಚೀಟಿ’. ರೇಷನ್ ಕೊಡಿಸುವ ಚೀಟಿ, ಸಾವಿಗೆ ಕರೆಯುವ ಚೀಟಿ, ಎರಡಕ್ಕೂ ನಮ್ಮಲ್ಲಿ ಒಂದೇ ಮಾತು. ‘ಪಡಿಚೀಟಿ ತೆಗೆದುಕೊಂಡರೆ ಬುಟ್ಟಿಗೊಂದು ಚೀಟಿ’ ಎಂದು ಬರೆದರೆ ವಿವರಣೆಯೇ ಬೇಡ.

‘ಮಾಕಿಂಗ್‌ಜೇ’ಯನ್ನು ‘ಅಣಕುಹಕ್ಕಿ’ ಎನ್ನಬಹುದು. ದಂಗೆಕೋರರ ಮಾತು ಕದ್ದು ಕೇಳಲು ಕ್ಯಾಪಿಟಲ್ ಸೃಷ್ಟಿಸಿದ ಗಂಡುಹಕ್ಕಿಗಳನ್ನು ಸಾಯಲಿ ಎಂದು ಕಾಡಿಗೆ ಬಿಟ್ಟಾಗ, ಅವು ಕಾಡಿನ ಹೆಣ್ಣುಹಕ್ಕಿಗಳನ್ನು ಕೂಡಿ ಹುಟ್ಟಿದ ತಳಿ ಅದು. ಮಾತು ಮರೆತಿದೆ, ರಾಗ ಅನುಕರಿಸುತ್ತದೆ. ‘ಅಣಕ’ದಲ್ಲಿ ಅನುಕರಣೆಯೂ ಇದೆ, ಮೂದಲಿಕೆಯೂ ಇದೆ. ಆ ಹಕ್ಕಿ ಇರುವುದೇ ಕ್ಯಾಪಿಟಲ್ಲಿಗೆ ಮೂದಲಿಕೆ. ಹೆಸರುಗಳನ್ನು ಮಾತ್ರ ಬದಲಿಸಬೇಡಿ. ಕ್ಯಾಟ್‌ನಿಸ್ ಎಂಬುದು ನೀರಲ್ಲಿ ಬೆಳೆಯುವ, ಗೆಡ್ಡೆ ತಿನ್ನಬಹುದಾದ ಒಂದು ಗಿಡ. ಅದು ಕಥೆಯಲ್ಲೇ ಬರುತ್ತದೆ.

ಪೆಡಸುತನಕ್ಕೆ ಕಾರಣ ಕಾಲ. ಮೂಲ ಪೂರ್ತಿ ‘ನಾನು’, ಪೂರ್ತಿ ವರ್ತಮಾನ. ಹೇಳುವವಳು ಬದುಕಿ ಉಳಿಯುತ್ತಾಳೋ ಇಲ್ಲವೋ ಓದುಗರಿಗೆ ತಿಳಿಯಬಾರದು ಎಂಬುದಕ್ಕೆ ಆ ಕಾಲ ಬೇಕೇ ಬೇಕು. ‘ಓಡಿದೆ’ ಎಂದರೆ ಓಡಿ ಬದುಕಿದ್ದಾಳೆ ಎಂದಾಯಿತು. ಆದರೆ ಕನ್ನಡದ ‘ಹೋಗುತ್ತೇನೆ’ ಈಗಿನದೂ ಹೌದು, ನಾಳಿನದೂ ಹೌದು, ದಿನದಿನದ್ದೂ ಹೌದು. ಇಡೀ ಪುಟ ‘ಏಳುತ್ತೇನೆ, ನೋಡುತ್ತೇನೆ, ನಡೆಯುತ್ತೇನೆ’ ಎಂದು ಬಂದರೆ ದಿನಚರಿಯ ಪಟ್ಟಿಯಂತೆ ಕೇಳುತ್ತದೆ. ಒಂದು ಪರೀಕ್ಷೆ ಮಾಡಿ: ವಾಕ್ಯದ ಮುಂದೆ ‘ನಾಳೆ’ ಸೇರಿಸಿ. ಆಗಲೂ ಅರ್ಥ ಕೂಡುತ್ತಿದ್ದರೆ ಕ್ರಿಯಾಪದ ಬದಲಿಸಿ. ‘ಇದೆ, ಇಲ್ಲ, ಗೊತ್ತಿಲ್ಲ, ಬೇಕು’ ಇವನ್ನು ಧಾರಾಳವಾಗಿ ಬಳಸಿ. ‘ಎದ್ದು, ಕೈಚಾಚಿ, ತಡವಿ’ ಎಂದು ಪೋಣಿಸಿ ಕೊನೆಯಲ್ಲಿ ಒಂದೇ ಕ್ರಿಯಾಪದ ಇಡಿ. ಆಟದ ಕಣದಲ್ಲಿ ಕ್ರಿಯಾಪದವನ್ನೇ ಬಿಡಬಹುದು: ‘ಹಿಂದೆ ಹೆಜ್ಜೆ ಸದ್ದು. ಮರ ಎತ್ತರ. ಕೈಗೆ ಸಿಗುವ ಕೊಂಬೆ ಒಂದೇ.’

ಇನ್ನೊಂದು, ಇಂಗ್ಲಿಷಿನಲ್ಲಿ ಕಾಣದ್ದು: ನೀನು, ನೀವು. ಕ್ಯಾಟ್‌ನಿಸ್ ಮತ್ತು ಗೇಲ್ ‘ನೀನು’. ಹೇಮಿಚ್‌ನನ್ನು ಮೊದಲು ‘ನೀವು’ ಎನ್ನಲಿ, ಸಿಟ್ಟು ಬಂದಾಗ ‘ನೀನು’ ಜಾರಲಿ, ಆಮೇಲೆ ಅದೇ ಉಳಿಯಲಿ. ಅವರ ಸಂಬಂಧ ಹಾಗೇ ಬೆಳೆಯುತ್ತದೆ. ಸ್ನೋ ಮಾತ್ರ ಅವಳನ್ನು ಯಾವಾಗಲೂ ‘ನೀವು’ ಎನ್ನಬೇಕು. ಆ ಮರ್ಯಾದೆಯಲ್ಲೇ ಚಳಿ ಹುಟ್ಟುತ್ತದೆ.

ಪ್ರಶ್ನೆ: ಇದೇ ಬಗೆಯ ಕಾದಂಬರಿಯನ್ನು ಕನ್ನಡದಲ್ಲಿ ಬರೆಯುತ್ತಿದ್ದೇನೆ. ಮುಂದೊಂದು ಕಾಲದ ಬೆಂಗಳೂರು, ನೀರೆಲ್ಲ ಸರ್ಕಾರದ ವಶ. ನಾಯಕ ಗುಪ್ತ ಬಂಡಾಯದ ಮುಖಂಡ, ನಾಯಕಿ ಅಧ್ಯಕ್ಷರ ಮಗಳು. ಏಳನೇ ಅಧ್ಯಾಯಕ್ಕೆ ನಿಂತುಹೋಗಿದೆ. ಎಲ್ಲಿ ತಪ್ಪಿದೆ?
– ಯುವ ಬರಹಗಾರ, ಉಡುಪಿ

ಆರಂಭದಲ್ಲೇ. ನಾಯಕ ಮೊದಲ ಪುಟಕ್ಕೇ ಬಂಡಾಯಗಾರ, ಆದ್ದರಿಂದ ಅವನು ಬದಲಾಗಲು ಜಾಗವಿಲ್ಲ. ನಾಯಕಿಗೆ ನೀರಿನ ಕೊರತೆಯೇ ಇಲ್ಲ, ಆದ್ದರಿಂದ ಕಾನೂನು ಅವಳ ಮೈಗೆ ತಾಗುವುದಿಲ್ಲ. ಆರು ಅಧ್ಯಾಯದಲ್ಲಿ ನಿಮ್ಮ ಲೋಕದ ಇತಿಹಾಸ ಹೇಳಿ ಮುಗಿಸಿದ್ದೀರಿ, ಏಳಕ್ಕೆ ಹೇಳಲು ಏನೂ ಉಳಿದಿಲ್ಲ. ಕಾಲಿನ್ಸ್ ಪನೆಮ್ಮಿನ ಇತಿಹಾಸವನ್ನು ಚೀಟಿ ಎತ್ತುವ ದಿನ ಮೇಯರ್ ಓದುವ ಭಾಷಣದಲ್ಲಿ ಅರ್ಧ ಪುಟಕ್ಕೆ ಮುಗಿಸುತ್ತಾರೆ. ಆಗ ಓದುಗರ ಗಮನವೆಲ್ಲ ಯಾರ ಹೆಸರು ಬರುತ್ತದೆ ಎಂಬ ಕಡೆ ಇರುತ್ತದೆ, ಇತಿಹಾಸ ಭಾರ ಎನಿಸುವುದಿಲ್ಲ.

ಬರೆದದ್ದನ್ನು ಪಕ್ಕಕ್ಕಿಟ್ಟು ಮೊದಲು ಒಂದು ಪುಟ ಲೆಕ್ಕ ಬರೆಯಿರಿ. ನಾಯಕಿಯ ಮನೆಯಲ್ಲಿ ಐದು ಜನ, ದಿನಕ್ಕೆ ನಾಲ್ಕು ಬಿಂದಿಗೆ ನೀರು ಎನ್ನಿ. ಒಂದು ಅಡುಗೆಗೆ, ಒಂದು ಕುಡಿಯಲು, ಒಂದು ಪಾತ್ರೆ ಬಟ್ಟೆಗೆ. ಉಳಿದ ಒಂದರಲ್ಲಿ ಐವರ ಸ್ನಾನ ಹೇಗೆ? ಯಾರು ಬಿಡುತ್ತಾರೆ? ತಂಗಿಗೆ ಜ್ವರ ಬಂದು ಐದನೇ ಬಿಂದಿಗೆ ಬೇಕಾದರೆ ಎಲ್ಲಿಗೆ ಹೋಗಬೇಕು, ಅದಕ್ಕೆ ಏನು ತೆರಬೇಕು? ನೀರು ಬಿಡುವವನು ಎಣಿಸುವುದು ಪುಸ್ತಕದಲ್ಲೋ ಮೀಟರಿನಲ್ಲೋ, ಅವನ ಸ್ವಂತ ಮನೆಗೆ ಎಷ್ಟು ಬಿಂದಿಗೆ? ಇಷ್ಟು ತಿಳಿದ ಮೇಲೆ ಕಾನೂನನ್ನು ಒಂದೇ ವಾಕ್ಯದಲ್ಲಿ ಬರೆಯಿರಿ. ಎರಡು ವಾಕ್ಯ ಬೇಕಾದರೆ ಅದಿನ್ನೂ ಪಕ್ವವಾಗಿಲ್ಲ.

ಆಮೇಲೆ ಪ್ರೀತಿ. ಪಕ್ಕದ ಸಾಲಿನ ಹುಡುಗ ತನ್ನ ಅರ್ಧ ಬಿಂದಿಗೆಯನ್ನು ಅವಳ ಬಿಂದಿಗೆಗೆ ಸುರಿಯಲಿ. ಅದು ಪ್ರೇಮನಿವೇದನೆಯೂ ಆಯಿತು, ಅಪರಾಧವೂ ಆಯಿತು. ಅವನಿಗೆ ಆಗುವ ನಷ್ಟ ಅವಳಿಗೆ ಆಗುವ ನಷ್ಟಕ್ಕಿಂತ ಬೇರೆಯಾಗಿರಬೇಕು. ಒಬ್ಬರಿಗೆ ತಂಗಿ, ಇನ್ನೊಬ್ಬರಿಗೆ ಕೆಲಸ ಅಥವಾ ಹೆಸರು. ಇಬ್ಬರೂ ಒಂದನ್ನೇ ಕಳೆದುಕೊಳ್ಳುವಂತಿದ್ದರೆ ಅವರ ನಡುವೆ ಜಗಳವೇ ಬರುವುದಿಲ್ಲ, ಜಗಳವಿಲ್ಲದ ಪ್ರೀತಿ ಹತ್ತು ಪುಟಕ್ಕೆ ಒಣಗುತ್ತದೆ. ಬಂಡಾಯದ ಗುಂಪನ್ನು ಮೊದಲ ಮೂರನೇ ಒಂದು ಭಾಗದಲ್ಲಿ ತರಲೇಬೇಡಿ. ತಂದಾಗ ಅವರ ನೀರಿನ ಲೆಕ್ಕವನ್ನೂ ಬರೆಯಿರಿ. ಅಲ್ಲೂ ಯಾರೋ ಬಿಂದಿಗೆ ಎಣಿಸುತ್ತಿರುತ್ತಾರೆ.

ಅಳತೆ ಬೇಕೆಂದರೆ, ಮೂಲ ತ್ರಿವಳಿಯ ಪ್ರತಿ ಪುಸ್ತಕದಲ್ಲೂ ಮೂರು ಭಾಗ, ಭಾಗಕ್ಕೆ ಒಂಬತ್ತರಂತೆ 27 ಅಧ್ಯಾಯ. ಬಹುತೇಕ ಅಧ್ಯಾಯಗಳು ಏನೋ ಆಗುತ್ತಿರುವಾಗಲೇ ಮುಗಿಯುತ್ತವೆ. ಕನ್ನಡದಲ್ಲಿ ಪ್ರತ್ಯಯಗಳು ಪದಕ್ಕೇ ಅಂಟುವುದರಿಂದ ಅಷ್ಟೇ ಕಥೆಗೆ ಪದಗಳ ಎಣಿಕೆ ಕಡಿಮೆ ಬರುತ್ತದೆ, ಗಾಬರಿಯಾಗಬೇಡಿ.

ಚೌಕಟ್ಟಿಗೆ ಹೊರಗೆ ಹುಡುಕಬೇಕಾಗಿಯೂ ಇಲ್ಲ. ಅಥೆನ್ಸಿನಿಂದ ಏಳು ಹುಡುಗರು, ಏಳು ಹುಡುಗಿಯರನ್ನು ಕ್ರೀಟಿನ ರಾಕ್ಷಸನಿಗೆ ಕಳಿಸುವ ಗ್ರೀಕ್ ಪುರಾಣ ತನಗೆ ಆಧಾರ ಎಂದು ಕಾಲಿನ್ಸ್ ಹೇಳಿದ್ದಾರೆ. ನಮಗೆ ಏಕಚಕ್ರ ನಗರವಿದೆ: ಬಕಾಸುರನಿಗೆ ಸರದಿಯಂತೆ ಮನೆಗೊಂದು ಬಂಡಿ ಅನ್ನ, ಎರಡು ಕೋಣ, ಒಬ್ಬ ಮನುಷ್ಯ. ಭೀಮ ಹೋಗುವುದು ಎಲ್ಲರಿಗೂ ಗೊತ್ತು. ಅದಕ್ಕೆ ಮುಂಚಿನ ರಾತ್ರಿ ಮಹಾಭಾರತದ ಆದಿಪರ್ವದಲ್ಲಿದೆ, ಅದನ್ನು ಓದಿ. ಸರದಿ ಬಂದ ಮನೆಯಲ್ಲಿ ಅಪ್ಪ ‘ನಾನು ಹೋಗುತ್ತೇನೆ’ ಎನ್ನುತ್ತಾನೆ, ಅಮ್ಮ ‘ನಾನು’ ಎನ್ನುತ್ತಾಳೆ, ಮಗಳು ‘ನಾನು’ ಎನ್ನುತ್ತಾಳೆ. ಮೂವರೂ ಅಳುತ್ತಿರುವಾಗ, ಇನ್ನೂ ಮಾತು ತೊದಲುವ ಚಿಕ್ಕ ಮಗ ಒಂದು ಹುಲ್ಲುಕಡ್ಡಿ ಹಿಡಿದು ಬಂದು, ಇದರಿಂದಲೇ ರಾಕ್ಷಸನನ್ನು ಕೊಲ್ಲುತ್ತೇನೆ ಎನ್ನುತ್ತಾನೆ. ಭೀಮನಿಲ್ಲದ ಏಕಚಕ್ರದಲ್ಲಿ ಆ ಮಗು 16 ವರ್ಷದ್ದಾದರೆ ಏನಾಗುತ್ತದೆ ಎಂದು ಬರೆಯಿರಿ.

ಪ್ರಶ್ನೆ: ಒಟ್ಟು ಎಷ್ಟು ಪುಸ್ತಕಗಳಿವೆ? ಯಾವ ಕ್ರಮದಲ್ಲಿ ಓದಬೇಕು?
– ಗ್ರಂಥಪಾಲಕರು, ಚಿತ್ರದುರ್ಗ

ಈವರೆಗೆ ಐದು. 2008, 2009, 2010ರ ಮೂರನ್ನು ಬಂದ ಕ್ರಮದಲ್ಲೇ ಕೊಡಿ. 2020ರಲ್ಲಿ ಬಂದದ್ದು ಕ್ಯಾಟ್‌ನಿಸ್‌ಳ ಮೊದಲ ಆಟಕ್ಕಿಂತ 64 ವರ್ಷ ಹಿಂದಿನ, ಸ್ನೋ 18ರ ಹುಡುಗನಾಗಿದ್ದಾಗಿನ 10ನೇ ಆಟದ ಕಥೆ. 2025ರದು 50ನೇ ಆಟ, ಹೇಮಿಚ್‌ನ ಹರೆಯ. ಕಥೆಯ ಕಾಲಕ್ಕೆ ತಕ್ಕಂತೆ ಸ್ನೋನಿಂದ ಶುರು ಮಾಡುವುದು ಬೇಡ. ಅವನು ಮುಂದೆ ಏನಾಗುತ್ತಾನೆ ಎಂದು ತಿಳಿದಿದ್ದರೇ ಅವನ ಹರೆಯದ ಪ್ರೀತಿ ಓದುವಾಗ ಭಯ ಹುಟ್ಟುವುದು. ಕಪಾಟಿನಲ್ಲಿ ಐದನ್ನೂ ಒಟ್ಟಿಗಿಟ್ಟರೆ ಮಕ್ಕಳು ರಟ್ಟು ನೋಡಿ ಯಾವುದನ್ನೋ ಎಳೆಯುತ್ತಾರೆ. ಬೆನ್ನಿನ ಮೇಲೆ 1ರಿಂದ 5ರವರೆಗೆ ಅಂಕಿಯ ಲೇಬಲ್ ಅಂಟಿಸಿ, ಮೂರನೆಯದಕ್ಕೆ ‘9ನೇ ತರಗತಿಯ ಮೇಲೆ’ ಎಂದು ಬರೆದಿಡಿ.